ಒಂದೇ ಒಲೆಯಲ್ಲಿ ಅರವತ್ತು ಲೀಟರ್ ಜೋಳದ ಅಂಬಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಯುಗಾದಿ ಕಳೆದ ಮೇಲೆ ಹುಬ್ಬಳ್ಳಿಯ ನಮ್ಮ ಓಣಿಯ ಬೇವಿನ ಮರದ ಕೆಳಗೆ ಒಂದು ಅರವಟ್ಟಿಗೆ ಇಡುತ್ತೇವೆ. ಮೊದಲು ಬರೀ ನೀರಿತ್ತು. ಒಂದು ವರ್ಷ ಯಾರೋ ಜೋಳದ ಗಂಜಿಯನ್ನು ರಾತ್ರಿಯಿಡೀ ಹುಳಿ ಬರಿಸಿ ಮಾಡುವ ಅಂಬಲಿ ಕೊಡೋಣ ಎಂದರು. ಲೇತ್ ಯಂತ್ರದ ಮುಂದೆ ನಿಂತು ಬದುಕು ಸಾಗಿಸಿದ ನನಗೆ ಲೆಕ್ಕ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಆ ಕೆಲಸ ನನ್ನ ಹೆಗಲಿಗೆ ಬಂತು. ಅಂದಿನಿಂದ ಜನ ಕೇಳುತ್ತಲೇ ಇದ್ದಾರೆ. ಅದೇ ಪ್ರಶ್ನೆಗಳಿಗೆ ಅದೇ ಉತ್ತರ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ನಾಲ್ಕು ಲೋಟಕ್ಕೆ ಮಾಡುವುದನ್ನೇ ಮುನ್ನೂರು ಲೋಟಕ್ಕೆ ಹಿಗ್ಗಿಸಿದರೆ ಆಗುವುದಿಲ್ಲವೇ?

ಇಲ್ಲ. ನಾನು ಮೊದಲ ವರ್ಷ ಮಾಡಿದ್ದು ಅದನ್ನೇ. ಬಾಡಿಗೆಗೆ ಎಂಬತ್ತು ಲೀಟರಿನ ಹಂಡೆ ತಂದು, ಅಷ್ಟೂ ನೀರು ಒಂದೇ ಸಲ ಸುರಿದು, ಮನೆಯ ಗ್ಯಾಸ್ ಒಲೆಯ ಮೇಲೆ ಕೂರಿಸಿದೆ. ನಾಲ್ಕು ತಾಸಾದರೂ ಅದು ಕುದಿಯಲಿಲ್ಲ, ಆದರೆ ತಳ ಮಾತ್ರ ಚೆನ್ನಾಗಿ ಸೀದಿತು. ಕೊನೆಗೆ ಹೇಗೋ ಬೇಯಿಸಿ, ಮುಚ್ಚಳ ಹಾಕಿ ಮಲಗಿದೆವು. ಬೆಳಗ್ಗೆ ಮುಚ್ಚಳ ತೆಗೆದರೆ ಹುಳಿಯ ಹಿತವಾದ ವಾಸನೆಯ ಬದಲು ಹಳಸಿದ ಅನ್ನದ ನಾತ. ಪಕ್ಕದ ಮನೆಯ ಎಮ್ಮೆ ಕೂಡ ಮೂಸಿ ಮುಖ ತಿರುಗಿಸಿತು.

ಕಾರಣ ಸರಳ. ಪಾತ್ರೆಯ ಉದ್ದ, ಅಗಲ, ಎತ್ತರ ಇಮ್ಮಡಿಯಾದರೆ ಒಳಗಿನ ಪದಾರ್ಥ ಎಂಟು ಪಟ್ಟಾಗುತ್ತದೆ. ಬಿಸಿ ಹೊರಹೋಗುವ ಮೈ ಮಾತ್ರ ನಾಲ್ಕೇ ಪಟ್ಟು. ಚಿಕ್ಕ ಬೋಗುಣಿಯ ಅಂಬಲಿ ಅರ್ಧ ತಾಸಿನಲ್ಲಿ ಆರುತ್ತದೆ. ಹಂಡೆಯ ನಡುಭಾಗ ಬೆಳಗಿನವರೆಗೂ ಬಿಸಿಯಾಗಿಯೇ ಇರುತ್ತದೆ. ಹುಳಿ ಬರಿಸುವ ಒಳ್ಳೆಯ ಜೀವಿಗಳಿಗೆ ಆ ಬಿಸಿ ತಡೆಯದು. ಕೆಟ್ಟವುಗಳಿಗೆ ಅದೇ ಹಬ್ಬ. ದೊಡ್ಡ ಪ್ರಮಾಣದ ಅಂಬಲಿಯಲ್ಲಿ ಕಷ್ಟವಿರುವುದು ಬೇಯಿಸುವುದರಲ್ಲಿ ಅಲ್ಲ, ಆರಿಸುವುದರಲ್ಲಿ.

ಹಾಗಾದರೆ ಚಿಕ್ಕ ಪಾತ್ರೆಯಲ್ಲಿ ಹೇಗೆ ಸಾಧ್ಯ?

ಗಟ್ಟಿಯಾಗಿ ಬೇಯಿಸಿ, ಆಮೇಲೆ ತಣ್ಣೀರಿನಿಂದ ತೆಳ್ಳಗೆ ಮಾಡಿ. ಇದೇ ಇಡೀ ಗುಟ್ಟು.

ಇದನ್ನು ನನಗೆ ಹೇಳಿಕೊಟ್ಟವರು ಅಡುಗೆಯವರಲ್ಲ. ಅಮೆರಿಕದಲ್ಲಿರುವ ನನ್ನ ಸೋದರಳಿಯ ಬಿಡುವಿನಲ್ಲಿ ಮನೆಯಲ್ಲೇ ಬಿಯರ್ ತಯಾರಿಸುತ್ತಾನೆ. ಅಲ್ಲಿ 1978ರಲ್ಲಿ ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಮನೆಬಳಕೆಯ ಬಿಯರಿಗೆ ಒಕ್ಕೂಟದ ಮಟ್ಟದಲ್ಲಿ ಅನುಮತಿ ಸಿಕ್ಕಿತು. ಮನೆಯಲ್ಲಿ ಬಿಯರ್ ಮಾಡುವವರ ಒಂದು ಸಲದ ವಾಡಿಕೆಯ ಅಳತೆ ಐದು ಗ್ಯಾಲನ್, ಅಂದರೆ 19 ಲೀಟರ್. ಅಪಾರ್ಟ್‌ಮೆಂಟಿನ ಪುಟ್ಟ ಅಡುಗೆಮನೆಯಲ್ಲಿ ಅಷ್ಟು ದೊಡ್ಡ ಪಾತ್ರೆ ಇಲ್ಲದವರು ಏನು ಮಾಡುತ್ತಾರೆ? ಮಾಲ್ಟಿನ, ಅಂದರೆ ಮೊಳಕೆ ಕಟ್ಟಿ ಒಣಗಿಸಿದ ಧಾನ್ಯದ, ರಸವನ್ನು ಹತ್ತು ಲೀಟರಿನಲ್ಲಿ ದಟ್ಟವಾಗಿ ಕುದಿಸಿ, ಬಕೆಟ್ಟಿಗೆ ಸುರಿದು, ಮೇಲೆ ತಣ್ಣೀರು ಬೆರೆಸಿ ಅಳತೆ ತುಂಬಿಸುತ್ತಾರೆ. ಕುದಿಸುವ ಶ್ರಮವೂ ಅರ್ಧ, ಆರಿಸುವ ಶ್ರಮವೂ ಅರ್ಧ. ಫೋನಿನಲ್ಲಿ ಇದನ್ನು ಕೇಳಿದಾಗ ನನ್ನ ಹಾಳಾದ ಹಂಡೆ ಕಣ್ಣ ಮುಂದೆ ಬಂತು.

ಅವನಂತೆ ನಾವೂ ಬಿಯರನ್ನೇ ಮಾಡಬಾರದೇಕೆ?

ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಅಪರಾಧ. ಅಡುಗೆಮನೆಯಲ್ಲಿ ಮಾಡಿದರೂ ಅಪರಾಧವೇ. ಅಲ್ಲದೆ ಅರವಟ್ಟಿಗೆಯಲ್ಲಿ ಬಿಯರ್ ಹಂಚಿದರೆ ನಮ್ಮ ಓಣಿಯ ಅಜ್ಜಿಯರು ನನ್ನನ್ನು ಬಿಡುತ್ತಾರೆಯೇ?

ಅಂಬಲಿಗೂ ಬಿಯರಿಗೂ ನಿಜವಾಗಿ ಸಂಬಂಧ ಇದೆಯೇ, ಅಥವಾ ನೀವೇ ಕಟ್ಟಿದ ಕಥೆಯೇ?

ಇದೆ. ಎರಡೂ ಧಾನ್ಯದ ಗಂಜಿಯಿಂದಲೇ ಹುಟ್ಟುತ್ತವೆ. ದಾರಿ ಬೇರೆಯಾಗುವುದು ಗಂಜಿಯ ಉಸ್ತುವಾರಿ ಯಾರಿಗೆ ಸಿಗುತ್ತದೆ ಎಂಬುದರ ಮೇಲೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಅಂದರೆ ಹಾಲನ್ನು ಮೊಸರು ಮಾಡುವ ಬಳಗ, ಸಕ್ಕರೆಯನ್ನು ಹುಳಿಯಾಗಿಸುತ್ತದೆ. ಯೀಸ್ಟ್ ಅದೇ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಆಫ್ರಿಕಾದಲ್ಲಿ ನಮ್ಮ ಜೋಳದಿಂದಲೇ ಬಿಯರ್ ಮಾಡುತ್ತಾರೆ. ಬುರ್ಕಿನಾ ಫಾಸೊದ ಡೋಲೊ ಕೆಂಪು ಜೋಳದ ಮೊಳಕೆಯಿಂದ ಆಗುತ್ತದೆ, ಅದನ್ನು ಕುದಿಸಿ ಮಾರುವವರು ಹೆಂಗಸರು. ದಕ್ಷಿಣ ಆಫ್ರಿಕಾದ ಉಂಕೊಂಬೋತಿಯಲ್ಲಿ ಗೋವಿನಜೋಳವೂ ಜೋಳದ ಮೊಳಕೆಯೂ ಸೇರುತ್ತವೆ. ಅಲ್ಲಿ ಗಂಜಿಯನ್ನು ಮೊದಲು ಹುಳಿ ಬರಿಸುತ್ತಾರೆ, ಯೀಸ್ಟಿನ ಸರದಿ ಆಮೇಲೆ. ಆ ಮೊದಲ ಹಂತದಲ್ಲೇ ನಿಲ್ಲಿಸಿ, ಮಜ್ಜಿಗೆ ಬೆರೆಸಿ, ಜೀರಿಗೆ ಉದುರಿಸಿ ಕುಡಿದರೆ ಧಾರವಾಡದವರಿಗೆ ಅದು ಅಂಬಲಿಯೇ.

ಅಂಬಲಿ ಕುಡಿದರೆ ಅಮಲು ಬರುತ್ತದೆಯೇ?

ಒಂದು ರಾತ್ರಿ ಹುಳಿ ಬಂದು ಬೆಳಗ್ಗೆ ಹಂಚಿದ ಅಂಬಲಿಯಲ್ಲಿ ಅಮಲು ಬರುವಷ್ಟು ಏನೂ ಇರುವುದಿಲ್ಲ. ಮಧ್ಯಾಹ್ನ ನಿದ್ದೆ ಬರುತ್ತದೆ, ಅದಕ್ಕೆ ಏಪ್ರಿಲ್ ತಿಂಗಳು ಕಾರಣ. ಆದರೆ ಬೆಲ್ಲ ಬೆರೆಸಿ ಎರಡು ಮೂರು ದಿನ ಬೆಚ್ಚಗೆ ಇಟ್ಟರೆ ಗಾಳಿಯಲ್ಲಿರುವ ಯೀಸ್ಟ್ ಸುಮ್ಮನೆ ಕೂರುವುದಿಲ್ಲ. ಸಿಹಿ ಬೇಕೆನ್ನುವವರಿಗೆ ಬೆಲ್ಲವನ್ನು ಲೋಟಕ್ಕೆ ಹಾಕಿ ಕೊಡಿ, ಬಕೆಟ್ಟಿಗೆ ಹಾಕಬೇಡಿ.

ಅರವತ್ತು ಲೀಟರಿಗೆ ಏನೇನು ಬೇಕು?

ಜೋಳದ ಹಿಟ್ಟು 3 ಕಿಲೋ. ಮೊಳಕೆ ಕಟ್ಟಿದ ರಾಗಿಯ ಹಿಟ್ಟು 150 ಗ್ರಾಂ. ಬೇಯಿಸಲು ಒಟ್ಟು 17 ಲೀಟರ್ ನೀರು. ಬೆರೆಸಲು ಕುದಿಸಿ ಆರಿಸಿದ ಅಥವಾ ಶುದ್ಧೀಕರಿಸಿದ ನೀರು 25 ಲೀಟರ್. ಅದೇ ನೀರಿನಿಂದ ಮಾಡಿದ ಮಂಜುಗಡ್ಡೆ 5 ಕಿಲೋ. ಹೆಪ್ಪಿಗೆ ಹಿಂದಿನ ದಿನದ ಹುಳಿ ಅಂಬಲಿ ಅಥವಾ ತಾಜಾ ಹುಳಿ ಮಜ್ಜಿಗೆ 2 ಲೀಟರ್. ಬೆಳಗ್ಗೆ ಬೆರೆಸಲು ಮಜ್ಜಿಗೆ 8 ಲೀಟರ್. ಉಪ್ಪು ಸುಮಾರು 300 ಗ್ರಾಂ. ಕೂಡಿಸಿ ನೋಡಿ, ಅರವತ್ತರ ಆಸುಪಾಸಿಗೆ ಬರುತ್ತದೆ. 200 ಮಿಲಿಲೀಟರ್ ಲೋಟದಲ್ಲಿ ಮುನ್ನೂರು ಜನಕ್ಕೆ ಸಾಕು. ನಮ್ಮಲ್ಲಿ ಇನ್ನೂರೈವತ್ತಕ್ಕೇ ಮುಗಿಯುತ್ತದೆ, ಏಕೆಂದರೆ ಆಟೋದವರು ಎರಡೆರಡು ಲೋಟ ಕುಡಿಯುತ್ತಾರೆ.

ಸಲಕರಣೆಗಳೆಂದರೆ 25 ಲೀಟರಿನ ಒಂದು ಸ್ಟೀಲ್ ಪಾತ್ರೆ, ಮುಚ್ಚಳವಿರುವ 20 ಲೀಟರಿನ ಮೂರು ಬಕೆಟ್, ಉದ್ದ ಹಿಡಿಕೆಯ ಕಟ್ಟಿಗೆಯ ಹುಟ್ಟು, ಒಂದು ಕಡಗೋಲು, ಒಂದು ಹಳೆಯ ಕಬ್ಬಿಣದ ಹಂಚು, ಒಂದು ಥರ್ಮಾಮೀಟರ್. ದುಡ್ಡು ಕೊಟ್ಟು ಕೊಳ್ಳಲೇಬೇಕಾದದ್ದು ಥರ್ಮಾಮೀಟರ್ ಒಂದೇ. ಮಿಕ್ಕ ಯಾವ ಯಂತ್ರ ತರಲು ಹೊರಟರೂ ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ ಎಂಬಂತಾಗುತ್ತದೆ.

ಯಾವ ಜೋಳ ಒಳ್ಳೆಯದು?

ಹಿಂಗಾರಿನ ಬಿಳಿ ಜೋಳ. ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರೆಭೂಮಿಯಲ್ಲಿ ಬೆಳೆದ ಮಾಲದಂಡಿ ಸಿಕ್ಕರೆ ಮತ್ತೇನೂ ಹುಡುಕಬೇಡಿ. ಕೆಂಪು ಜೋಳದ ಸಿಪ್ಪೆಯಲ್ಲಿ ಟ್ಯಾನಿನ್ ಹೆಚ್ಚಿರಬಹುದು, ಒಗರು ಬರುತ್ತದೆ. ಬಿಯರ್ ಮಾಡುವವರಿಗೆ ಅದು ಹಿಡಿಸೀತು, ಅಂಬಲಿಗೆ ಬೇಡ.

ಹಿಟ್ಟು ತಾಜಾ ಇರಲಿ. ಜೋಳದ ಮೊಳೆಯ ಭಾಗದಲ್ಲಿ ಕೊಬ್ಬಿನ ಅಂಶ ಇರುವುದರಿಂದ ಬೀಸಿಟ್ಟ ಹಿಟ್ಟು ಕೆಲವೇ ವಾರಗಳಲ್ಲಿ ಕಹಿಯಾಗುತ್ತದೆ. ರೊಟ್ಟಿಯಲ್ಲಿ ಆ ಕಹಿ ಚಟ್ನಿಯ ಹಿಂದೆ ಅಡಗೀತು. ಅಂಬಲಿಯಲ್ಲಿ ಅಡಗುವುದಿಲ್ಲ. ಗೋಧಿ ಒಗ್ಗದವರು ಯಾರಾದರೂ ಕುಡಿಯುವುದಿದ್ದರೆ ಗಿರಣಿಯಲ್ಲಿ ಒಂದು ಮಾತು ಕೇಳಿ: ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಹಾಕಿದರೆ ಹಿಟ್ಟಿನಲ್ಲಿ ಗೋಧಿ ಬೆರೆತಿರುತ್ತದೆ.

ಬೇಯಿಸುವ ಕ್ರಮ ಹೇಳಿ.

7 ಲೀಟರ್ ನೀರನ್ನು ಕುದಿಯಲು ಇಡಿ. ಇತ್ತ 3 ಕಿಲೋ ಹಿಟ್ಟನ್ನು 5 ಲೀಟರ್ ತಣ್ಣೀರಿನಲ್ಲಿ ಕಲಸಿ ಕಡಗೋಲಿನಿಂದ ಕಡೆಯಿರಿ. ಗಂಟು ಒಡೆಯಲು ಕಡಗೋಲಿಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ನೀರು ತಳಮಳ ಕುದಿಯುವಾಗ ಒಬ್ಬರು ಹಿಟ್ಟಿನ ನೀರನ್ನು ಸಣ್ಣಗೆ ಸುರಿಯಬೇಕು, ಇನ್ನೊಬ್ಬರು ತಳ ಕೆರೆಯುತ್ತ ತಿರುವಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಮನೆಯಲ್ಲಿ ಜಗಳವಾಗಿದ್ದರೆ ಮೊದಲು ರಾಜಿ ಮಾಡಿಕೊಳ್ಳಿ.

ಹಿಟ್ಟು ಬಿದ್ದು ಗಟ್ಟಿಯಾಗತೊಡಗಿದ ಕೂಡಲೇ ಪಾತ್ರೆಯ ಕೆಳಗೆ ಕಬ್ಬಿಣದ ಹಂಚು ಇಡಿ. ಉರಿ ಒಂದೇ ಕಡೆ ತಾಗದೆ ತಳಕ್ಕೆಲ್ಲ ಹರಡುತ್ತದೆ, ಸೀಯುವುದಿಲ್ಲ. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಲಿ. ಬಾರ್ಲಿಯ ಪಿಷ್ಟ 60ರಿಂದ 65 ಡಿಗ್ರಿಗೇ ಅರಳುತ್ತದೆ, ಹಾಗಾಗಿ ಬಿಯರಿನವರು ಅದನ್ನು ಬಿಸಿನೀರಿನಲ್ಲಿ ನೆನೆಸಿದರೂ ಸಾಕು. ಜೋಳದ ಪಿಷ್ಟ ಹಟಮಾರಿ. 70 ದಾಟಿದ ಮೇಲೆಯೇ ಬಗ್ಗುವುದು. ಅದಕ್ಕೇ ಅದನ್ನು ಬೇಯಿಸಲೇಬೇಕು.

ಆ 150 ಗ್ರಾಂ ರಾಗಿ ಮೊಳಕೆಯ ಹಿಟ್ಟು ಯಾಕೆ? ನಮ್ಮ ಅಜ್ಜಿ ಹಾಕುತ್ತಿರಲಿಲ್ಲ.

ನಿಮ್ಮ ಅಜ್ಜಿ ನಾಲ್ಕು ಲೋಟ ಮಾಡುತ್ತಿದ್ದರು. ಇಷ್ಟು ಗಟ್ಟಿ ಗಂಜಿಯನ್ನು ತಣ್ಣೀರಿಗೆ ಸುರಿದರೆ ಉಂಡೆಯುಂಡೆಯಾಗಿ ತೇಲುತ್ತದೆ. ಮೊಳಕೆಯಲ್ಲಿ ಅಮೈಲೇಸ್ ಎಂಬ ಕಿಣ್ವ ಇರುತ್ತದೆ. ಅದು ಪಿಷ್ಟದ ಉದ್ದ ಸರಪಳಿಯನ್ನು ತುಂಡರಿಸಿ ಚಿಕ್ಕ ಸಕ್ಕರೆಗಳನ್ನಾಗಿ ಮಾಡುತ್ತದೆ. ಗಂಜಿ ಕಣ್ಣೆದುರೇ ನೀರಾಗುತ್ತದೆ. ಬಿಯರಿನ ಇಡೀ ಕಟ್ಟಡ ನಿಂತಿರುವುದು ಇದೇ ಕಿಣ್ವದ ಮೇಲೆ. ನಾವು ಅದರಿಂದ ಗಂಜಿ ತೆಳ್ಳಗಾಗಿಸುವ ಕೆಲಸವನ್ನಷ್ಟೇ ಎರವಲು ಪಡೆಯುತ್ತೇವೆ. ಹುಳಿ ಬರಿಸುವ ಜೀವಿಗಳಿಗೂ ಒಂದಿಷ್ಟು ಸಕ್ಕರೆ ತಯಾರಾಗಿ ಸಿಗುತ್ತದೆ.

ಕಿಣ್ವಕ್ಕೆ 60ರಿಂದ 68 ಡಿಗ್ರಿ ಹಿತ. 80 ದಾಟಿದರೆ ಸತ್ತೇ ಹೋಗುತ್ತದೆ. ಆದ್ದರಿಂದ ಬೆಂದ ಗಂಜಿಯನ್ನು ಒಲೆಯಿಂದ ಇಳಿಸಿ, ಅದಕ್ಕೆ 4 ಲೀಟರ್ ತಣ್ಣೀರು ಬೆರೆಸಿ, ಪಾತ್ರೆಯನ್ನು ನೀರು ತುಂಬಿದ ದೊಡ್ಡ ಟಬ್ಬಿನಲ್ಲಿ ಕೂರಿಸಿ ತಿರುವುತ್ತಾ ಇರಿ. ಥರ್ಮಾಮೀಟರ್ 68 ತೋರಿಸಿದಾಗ, ರಾಗಿ ಮೊಳಕೆಯ ಹಿಟ್ಟನ್ನು 1 ಲೀಟರ್ ತಣ್ಣೀರಿನಲ್ಲಿ ಕಲಸಿ ಸುರಿಯಿರಿ. ಹತ್ತೇ ನಿಮಿಷದಲ್ಲಿ ಹುಟ್ಟು ಹಗುರಾದಂತೆ ಅನಿಸುತ್ತದೆ. ಮೊದಲ ಸಲ ಇದನ್ನು ನೋಡಿದ ನನ್ನ ಹೆಂಡತಿ ನಾನು ಕಣ್ಣು ತಪ್ಪಿಸಿ ನೀರು ಸುರಿದೆ ಎಂದೇ ನಂಬಿದ್ದಳು. ಅರ್ಧ ತಾಸು ಬಿಟ್ಟು ಮತ್ತೆ ಹತ್ತು ನಿಮಿಷ ಕುದಿಸಿ. ಈ ಎರಡನೆಯ ಕುದಿ ತಪ್ಪಿಸಬೇಡಿ, ಹಸಿ ಮೊಳಕೆ ಹಿಟ್ಟಿನೊಂದಿಗೆ ಬಂದ ಸೂಕ್ಷ್ಮಜೀವಿಗಳು ಬಕೆಟ್ಟಿಗೆ ಹೋಗಬಾರದು.

ದಪ್ಪ ಅಂಬಲಿಯೇ ಬೇಕು ಎನ್ನುವವರು ಮೊಳಕೆ ಹಿಟ್ಟನ್ನು 50 ಗ್ರಾಮಿಗೆ ಇಳಿಸಬಹುದು.

ಜೋಳವನ್ನೇ ಮೊಳಕೆ ಕಟ್ಟಿದರೆ ಆಗದೇ? ರಾಗಿ ಯಾಕೆ?

ಇಲ್ಲಿ ಸ್ವಲ್ಪ ನಿಂತು ಓದಿ. ಜೋಳದ ಎಳೆಯ ಮೊಳಕೆ ಮತ್ತು ಬೇರಿನಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ, ಅದರಿಂದ ಸೈನೈಡ್ ಬಿಡುಗಡೆಯಾಗುತ್ತದೆ. ಎಳೆ ಜೋಳದ ಬೆಳೆಯನ್ನು ಮೇಯ್ದ ದನ ಸಾಯುತ್ತವೆ ಎಂಬುದು ನಮ್ಮ ರೈತರಿಗೆಲ್ಲ ಗೊತ್ತು. ಅದರ ಹಿಂದಿರುವುದೂ ಇದೇ ಧುರಿನ್. ಆಫ್ರಿಕಾದಲ್ಲಿ ಜೋಳದ ಮಾಲ್ಟ್ ಮಾಡುವವರು ಒಣಗಿಸಿ, ಮೊಳಕೆ ಬೇರುಗಳನ್ನು ಉಜ್ಜಿ ಉದುರಿಸಿ, ತೂರಿ, ಆಮೇಲೆ ಬೇಯಿಸುತ್ತಾರೆ. ಹೆಸರು ಕಾಳಿನಂತೆ ಮೊಳಕೆ ಬಂದ ಜೋಳವನ್ನು ಹಸಿಯಾಗಿ ತಿನ್ನಬಾರದು. ಮನೆಯಲ್ಲಿ ಈ ಗೊಡವೆಯೇ ಬೇಡ. ರಾಗಿಗೆ ಆ ತಂಟೆ ಇಲ್ಲ, ಕಿಣ್ವವೂ ಧಾರಾಳ.

ರಾಗಿಯನ್ನು ಹನ್ನೆರಡು ತಾಸು ನೆನೆಸಿ, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಟ್ಟು, ನೆರಳಿನಲ್ಲಿ ಗಾಳಿಗೆ ಒಣಗಿಸಿ, ಮೊಳಕೆ ಉಜ್ಜಿ ತೆಗೆದು ಬೀಸಿ. ಹುರಿಯಬೇಡಿ, ಹುರಿದರೆ ಪರಿಮಳ ಬರುತ್ತದೆ, ಕಿಣ್ವ ಹೋಗುತ್ತದೆ. ಅಂಗಡಿಯ ರಾಗಿ ಮಾಲ್ಟ್ ಪುಡಿ ಸಾಮಾನ್ಯವಾಗಿ ಹುರಿದದ್ದು, ಕೆಲವಕ್ಕೆ ಸಕ್ಕರೆ, ಏಲಕ್ಕಿ ಬೇರೆ. ಕಿಣ್ವ ಜೀವಂತವೇ ಎಂದು ತಿಳಿಯಲು ಒಂದು ಬಟ್ಟಲು ಬೆಚ್ಚನೆಯ ಗಟ್ಟಿ ಗಂಜಿಗೆ ಒಂದು ಚಿಟಿಕೆ ಹಾಕಿ ಕಲಕಿ. ಐದಾರು ನಿಮಿಷದಲ್ಲಿ ತೆಳುವಾದರೆ ಜೀವ ಇದೆ.

ಆರಿಸುವ ಲೆಕ್ಕ ಹೇಳಿ.

ನನಗೆ ಪ್ರಿಯವಾದ ಪ್ರಶ್ನೆ. ಈಗ ನಿಮ್ಮ ಬಳಿ ಸುಮಾರು 95 ಡಿಗ್ರಿಯ 20 ಕಿಲೋ ಗಂಜಿ ಇದೆ. ಅದಕ್ಕೆ 25 ಡಿಗ್ರಿಯ 30 ಲೀಟರ್ ನೀರು ಬೆರೆಸಿದರೆ: 20 ಗುಣಿಸು 95, ಅಂದರೆ 1900, 30 ಗುಣಿಸು 25, ಅಂದರೆ 750. ಕೂಡಿಸಿ 50ರಿಂದ ಭಾಗಿಸಿದರೆ 53 ಡಿಗ್ರಿ. ಹೆಪ್ಪು ಹಾಕಲು ಇದು ಬಿಸಿ ಹೆಚ್ಚಾಯಿತು.

ಆ ಮೂವತ್ತರಲ್ಲಿ 5 ಕಿಲೋ ಮಂಜುಗಡ್ಡೆಯಾಗಿದ್ದರೆ? ಒಂದು ಕಿಲೋ ಮಂಜುಗಡ್ಡೆ ಬರೀ ಕರಗಲು 80 ಕಿಲೋಕ್ಯಾಲರಿ ನುಂಗುತ್ತದೆ. ಐದು ಕಿಲೋಗೆ 400. ಈಗ 1900 ಕೂಡಿಸು 625, ಕಳೆ 400, ಭಾಗಿಸು 50: 42 ಡಿಗ್ರಿ ಚಿಲ್ಲರೆ. ಸುರಿದು ಕಲಕುವಷ್ಟರಲ್ಲಿ 40ಕ್ಕೆ ಇಳಿದಿರುತ್ತದೆ. ಹೆಪ್ಪು ಹಾಕಲು ಹೇಳಿ ಮಾಡಿಸಿದ ಬಿಸಿ. ಹಂಡೆಗೆ ಇಡೀ ರಾತ್ರಿ ಸಾಲದಿದ್ದ ಕೆಲಸ ಇಲ್ಲಿ ಐದು ನಿಮಿಷದ್ದು.

ಮಂಜುಗಡ್ಡೆಯನ್ನು ಮನೆಯ ಫ್ರಿಜ್‌ನಲ್ಲೇ ಮಾಡಿ. ಕುದಿಸಿ ಆರಿಸಿದ ನೀರನ್ನು ಸ್ಟೀಲ್ ಡಬ್ಬಿಗಳಲ್ಲಿ, ಊಟದ ಕ್ಯಾರಿಯರಿನಲ್ಲಿ, ಸಿಕ್ಕ ಸಿಕ್ಕ ಬಟ್ಟಲಿನಲ್ಲಿ ಎರಡು ದಿನ ಮೊದಲೇ ಇಟ್ಟರೆ ಐದು ಕಿಲೋ ಕೂಡುತ್ತದೆ. ಡಬ್ಬಿ ಕಂಠದವರೆಗೆ ತುಂಬಬೇಡಿ, ನೀರು ಗಡ್ಡೆಯಾಗುವಾಗ ಹಿಗ್ಗುತ್ತದೆ. ಕಾರ್ಖಾನೆಯ ದೊಡ್ಡ ಮಂಜುಗಡ್ಡೆ ತರಬೇಡಿ. ಅದು ಮೀನು, ಹಾಲಿನ ಕ್ಯಾನ್ ತಣ್ಣಗಿಡಲು ಮಾಡಿದ್ದಾಗಿರಬಹುದು. ಕುಡಿಯುವ ನೀರಿನದೇ ಎಂಬ ಭರವಸೆ ಇಲ್ಲ.

ಬಕೆಟ್ಟಿಗೆ ಮೊದಲು ತಣ್ಣೀರು ಮತ್ತು ಮಂಜುಗಡ್ಡೆ, ಆಮೇಲೆ ಬಿಸಿ ಗಂಜಿ. ಇದನ್ನು ತಿರುವುಮುರುವು ಮಾಡಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಬೆರೆಸುವ ನೀರನ್ನೂ ಕುದಿಸಬೇಕೆಂದ ಮೇಲೆ ಗ್ಯಾಸ್ ಎಲ್ಲಿ ಉಳಿಯಿತು?

ಸರಿಯಾಗಿ ಹಿಡಿದಿರಿ. ಅಷ್ಟೂ ನೀರನ್ನು ಕುದಿಸಿದರೆ ಗ್ಯಾಸ್ ಉಳಿಯುವುದಿಲ್ಲ. ಕೆಲಸ ಎರಡು ದಿನಕ್ಕೆ ಹಂಚಿಹೋಗುತ್ತದೆ, ಚಿಕ್ಕ ಪಾತ್ರೆಯಲ್ಲಿ ಮುಗಿಯುತ್ತದೆ, ಅಷ್ಟೆ. ಉಳಿಯಬೇಕೆಂದರೆ ನಂಬಿಕೆಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಎರಡು ಕ್ಯಾನ್ ತನ್ನಿ. 20 ಲೀಟರ್ ನೀರನ್ನು 25ರಿಂದ 100 ಡಿಗ್ರಿಗೆ ಏರಿಸಲು 1500 ಕಿಲೋಕ್ಯಾಲರಿ ಬೇಕು. ಒಂದು ಕಿಲೋ ಅಡುಗೆ ಅನಿಲ ಕೊಡುವುದು ಸುಮಾರು 11,000. ಅದರಲ್ಲಿ ಅರ್ಧ ಪಾತ್ರೆಯ ಪಕ್ಕದಿಂದ ಗಾಳಿಗೆ ಹೋಗುತ್ತದೆ. ಅಂದರೆ ಇಪ್ಪತ್ತು ಲೀಟರ್ ಕುದಿಗೆ ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು ಗ್ಯಾಸ್, ಮನೆಯ ಒಲೆಯಲ್ಲಿ ಸುಮಾರು ಒಂದೂವರೆ ತಾಸು. ಅರವತ್ತು ಲೀಟರಿಗೆ ಅದರ ಮೂರು ಪಟ್ಟು. ನನ್ನ ಹಂಡೆ ನಾಲ್ಕು ತಾಸಾದರೂ ಏಕೆ ಕುದಿಯಲಿಲ್ಲ ಎಂಬುದು ಈ ಲೆಕ್ಕ ಹಾಕಿದ ಮೇಲೆ ತಿಳಿಯಿತು.

ನಲ್ಲಿ ನೀರನ್ನೇ ಬಳಸಬಹುದೇ?

ಕುದಿಸಿ ಬಳಸಿ. ಹುಬ್ಬಳ್ಳಿ-ಧಾರವಾಡಕ್ಕೆ ಸವದತ್ತಿಯ ಮಲಪ್ರಭಾ ಜಲಾಶಯದಿಂದ ಬರುವ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದು ಕೆಟ್ಟ ಜೀವಿಗಳನ್ನು ಕೊಲ್ಲಲು ಹಾಕಿದ್ದು, ನಮ್ಮ ಹೆಪ್ಪಿನ ಜೀವಿಗಳಿಗೂ ವಿನಾಯಿತಿ ಕೊಡುವುದಿಲ್ಲ. ಕುದಿಸಿದರೆ ಕ್ಲೋರಿನ್ ಹಾರಿಹೋಗುತ್ತದೆ. ಇನ್ನು ನಲ್ಲಿಗೆ ದಿನ ಬಿಟ್ಟು ದಿನವೂ ನೀರು ಬಾರದ ಓಣಿಗಳಲ್ಲಿ ತೊಟ್ಟಿಯಲ್ಲಿ ವಾರ ಕಳೆದ ನೀರಿನ ಬಗ್ಗೆ ನಾನು ಹೇಳಬೇಕಾದದ್ದಿಲ್ಲ.

ಯಾವ ಪಾತ್ರೆಯಲ್ಲಿ ಹುಳಿ ಬರಿಸಬೇಕು?

ಸ್ಟೀಲ್ ಉತ್ತಮ. ಆಹಾರಕ್ಕೆಂದೇ ತಯಾರಾದ ಪ್ಲಾಸ್ಟಿಕ್ ಬಕೆಟ್ ಆಗುತ್ತದೆ. ಪೇಂಟಿನ ಖಾಲಿ ಬಕೆಟ್ ಎಷ್ಟು ತೊಳೆದರೂ ಆಗದು. ಔಷಧಿಯ, ರಾಸಾಯನಿಕದ ಡ್ರಮ್ಮಿನ ಮಾತು ಎತ್ತಲೇಬೇಡಿ. ಅಲ್ಯೂಮಿನಿಯಂ ಬೇಯಿಸಲು ಸರಿ, ಹುಳಿಯನ್ನು ರಾತ್ರಿಯಿಡೀ ಇಡಲು ತಪ್ಪು. ತಾಮ್ರ, ಹಿತ್ತಾಳೆಯ ಹಂಡೆ ನೋಡಲು ಎಷ್ಟೇ ಚೆಂದವಿದ್ದರೂ ಕಲಾಯಿ ಇಲ್ಲದಿದ್ದರೆ ಹುಳಿಗೆ ತಾಮ್ರ ಬಿಡುತ್ತದೆ, ಕುಡಿದವರಿಗೆ ವಾಂತಿ. ಅಜ್ಜಿಯ ಹಂಡೆಯನ್ನು ದೀಪಾವಳಿಯ ಸ್ನಾನಕ್ಕೆ ಉಳಿಸಿಕೊಳ್ಳಿ.

ಮಣ್ಣಿನ ಗಡಿಗೆಯ ಬಗ್ಗೆ ನನಗೆ ಎರಡು ಮನಸ್ಸು. ರುಚಿ ಬೇರೆಯೇ, ನಿಜ. ನೀರು ಜಿನುಗಿ ಆವಿಯಾಗುವುದರಿಂದ ತಂಪಾಗಿಯೂ ಇರುತ್ತದೆ. ಆದರೆ ಅದರ ರಂಧ್ರಗಳಲ್ಲಿ ನಿನ್ನೆಯದು, ಮೊನ್ನೆಯದು ಉಳಿದಿರುತ್ತದೆ, ಕುದಿನೀರು ಹಾಕಿ ಪೂರ್ತಿ ಶುದ್ಧ ಮಾಡುವುದು ಕಷ್ಟ. ನಾವು ಸ್ಟೀಲಿನಲ್ಲಿ ಹುಳಿ ಬರಿಸಿ, ಹಂಚುವಾಗ ಗಡಿಗೆಗೆ ಸುರಿಯುತ್ತೇವೆ. ಜನರಿಗೆ ಗಡಿಗೆ ಕಂಡರೆ ಸಾಕು.

ಒಂದೇ ದೊಡ್ಡ ಡ್ರಮ್ಮಿಗಿಂತ ಮೂರು ಬಕೆಟ್ ಯಾಕೆ?

ಬೇಗ ಆರುತ್ತದೆ, ಎತ್ತಲು ಬರುತ್ತದೆ, ಒಂದು ಕೆಟ್ಟರೆ ಇನ್ನೆರಡು ಉಳಿಯುತ್ತವೆ.

ಹೆಪ್ಪು ಹಾಕದೆ ತಾನಾಗಿಯೇ ಹುಳಿ ಬರಲು ಬಿಡಬಾರದೇ?

ಮನೆಮಟ್ಟಿಗೆ ಬಿಡುತ್ತಾರೆ, ನಡೆಯುತ್ತದೆ. ಮುನ್ನೂರು ಜನರಿಗೆ ಕೊಡುವಾಗ ಅದೃಷ್ಟದ ಮೇಲೆ ಭಾರ ಹಾಕಬೇಡಿ. ಬೆಂದ ಪಿಷ್ಟದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಗೂ ಸಾಯದೆ ಉಳಿದಿರುತ್ತವೆ. ಬೆಚ್ಚನೆ ತಾಸುಗಟ್ಟಲೆ ಬಿಟ್ಟರೆ ಅವು ಬೆಳೆದು ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಮೊದಲ ವರ್ಷ ಹಾಳಾದ ಅಂಬಲಿಯನ್ನು ‘ಇನ್ನೊಂದು ಕುದಿ ಕೊಟ್ಟು ಹಂಚೋಣ’ ಎಂದವರಿದ್ದರು. ಚರಂಡಿಗೆ ಸುರಿದದ್ದು ಆ ವರ್ಷ ನಾನು ಮಾಡಿದ ಏಕೈಕ ಸರಿಯಾದ ಕೆಲಸ.

40 ಡಿಗ್ರಿಯಲ್ಲಿ ಎರಡು ಲೀಟರ್ ಹುಳಿ ಹೆಪ್ಪು ಸೇರಿಸಿದರೆ ಒಳ್ಳೆಯ ಜೀವಿಗಳು ಲಕ್ಷಗಟ್ಟಲೆ ಮೊದಲೇ ಹೋಗಿ ಕೂರುತ್ತವೆ. ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆಯೇ ಪಿಎಚ್. ಅದು 4.5ಕ್ಕಿಂತ ಕೆಳಗೆ ಇಳಿದರೆ ಕೆಟ್ಟವುಗಳಿಗೆ ಜಾಗವಿಲ್ಲ. ಪಿಎಚ್ ಪಟ್ಟಿ ಸಿಕ್ಕರೆ ಬೆಳಗ್ಗೆ ಒಂದು ಅದ್ದಿ ನೋಡಿ. ಹೆಪ್ಪಿನ ಮಜ್ಜಿಗೆ ನೀವೇ ಕುಡಿದು ಮೆಚ್ಚಿದ್ದಾಗಿರಲಿ.

ಎಷ್ಟು ತಾಸು ಬಿಡಬೇಕು?

ಏಪ್ರಿಲ್, ಮೇ ತಿಂಗಳ ಹುಬ್ಬಳ್ಳಿಯಲ್ಲಿ ಎಂಟರಿಂದ ಹತ್ತು ತಾಸು. ಧಾರವಾಡದ ಮಳೆಗಾಲದಲ್ಲಿ, ಚಳಿಗಾಲದಲ್ಲಿ ಹದಿನಾಲ್ಕು ಹದಿನಾರು ತಾಸು ಹಿಡಿಯುತ್ತದೆ. ಆಗ ಬಕೆಟ್ಟಿಗೆ ಕಂಬಳಿ ಸುತ್ತಿ. ನಮ್ಮ ದಿನಚರಿ ಹೀಗೆ: ಸಂಜೆ ಐದಕ್ಕೆ ಒಲೆ, ಒಂಬತ್ತಕ್ಕೆ ಹೆಪ್ಪು, ಬೆಳಗ್ಗೆ ಏಳಕ್ಕೆ ರುಚಿ, ಹತ್ತಕ್ಕೆ ಹಂಚಿಕೆ, ಮಧ್ಯಾಹ್ನ ಎರಡಕ್ಕೆ ಪಾತ್ರೆ ತೊಳೆಯುವುದು.

ಮುಚ್ಚಳ ಬಿಗಿಯಾಗಿ ಹಾಕಬೇಕೇ?

ಬೇಡ. ಹುಳಿಯುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಗದಗಿನ ನೆಂಟರ ಮನೆಯ ಗೃಹಪ್ರವೇಶಕ್ಕೆ ಹಾಲಿನ ಕ್ಯಾನಿನಲ್ಲಿ ಅಂಬಲಿ ತುಂಬಿ, ಚೆಲ್ಲೀತೆಂದು ಮುಚ್ಚಳ ಗುದ್ದಿ ಕೂರಿಸಿ ಒಯ್ದಿದ್ದೆ. ಅಣ್ಣಿಗೇರಿ ದಾಟುವಷ್ಟರಲ್ಲಿ ಮುಚ್ಚಳ ಹಾರಿ ಕಾರಿನ ಚಾವಣಿಗೆ ಬಡಿಯಿತು. ಸೀಟಿನ ಹುಳಿ ವಾಸನೆ ಮಳೆಗಾಲದವರೆಗೂ ಹೋಗಲಿಲ್ಲ. ಬಾಯಿಗೆ ತೆಳುಬಟ್ಟೆ ಕಟ್ಟಿ ಮೇಲೆ ಮುಚ್ಚಳವನ್ನು ಸಡಿಲವಾಗಿ ಇಟ್ಟರೆ ಸಾಕು.

ಕೆಟ್ಟಿದೆ ಎಂದು ತಿಳಿಯುವುದು ಹೇಗೆ?

ಮೊಸರಿನಂಥ ಹುಳಿ ವಾಸನೆ, ಅಲ್ಲಲ್ಲಿ ಸಣ್ಣ ಗುಳ್ಳೆ, ತಳದಲ್ಲಿ ಹಿಟ್ಟು ಕೂತು ಮೇಲೆ ತಿಳಿ: ಇವೆಲ್ಲ ಸಹಜ. ಗುಲಾಬಿ, ಹಸಿರು, ಕಪ್ಪು ಬಣ್ಣದ ಬೂಸ್ಟು, ಲೋಳೆಯಂತೆ ಎಳೆ ಎಳೆಯಾಗಿ ಬರುವುದು, ಹಳಸಲು ನಾತ: ಚರಂಡಿಗೆ. ಮೇಲಿನ ಪದರ ತೆಗೆದು ಕೆಳಗಿನದನ್ನು ಹಂಚುವ ಜಾಣತನ ಬೇಡ. ಹೆಂಡದ ವಾಸನೆ ಬಂದರೆ ಯೀಸ್ಟ್ ಗೆದ್ದಿದೆ ಎಂದರ್ಥ, ಅದನ್ನೂ ಹಂಚಬೇಡಿ.

ಸುಣ್ಣದಂತೆ ಬೆಳ್ಳಗಿನ ತೆಳು ಪೊರೆ ಕಂಡರೆ ಅನುಭವಿಗಳು ತೆಗೆದು ಕುಡಿಯುತ್ತಾರೆ. ನಾನು ಮನೆಯವರಿಗೆ ಕೊಡುತ್ತೇನೆ, ಅರವಟ್ಟಿಗೆಗೆ ಒಯ್ಯುವುದಿಲ್ಲ.

ಉಪ್ಪು, ಒಗ್ಗರಣೆ ಯಾವಾಗ?

ಎಲ್ಲವೂ ಬೆಳಗ್ಗೆ. ತಣ್ಣನೆಯ ಮಜ್ಜಿಗೆ, ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು. ಹೆಚ್ಚಿದ ಉಳ್ಳಾಗಡ್ಡಿಯನ್ನು ಬೇರೆ ಬಟ್ಟಲಲ್ಲಿಟ್ಟು ಲೋಟಕ್ಕೇ ಹಾಕಿ. ಬಕೆಟ್ಟಿಗೆ ಹಾಕಿದರೆ ಎರಡು ತಾಸಿನಲ್ಲಿ ಮೆತ್ತಗಾಗಿ ವಾಸನೆ ಬರುತ್ತದೆ. ಹಾವೇರಿಯ ಗೆಳೆಯರೊಬ್ಬರು ಅಭಿಮಾನದಿಂದ ಬ್ಯಾಡಗಿ ಮೆಣಸಿನಕಾಯಿ ಪುಡಿ ಬೆರೆಸಿದರು. ಬಣ್ಣ ಭರ್ಜರಿ ಬಂತು, ಆದರೆ ಕೆಂಪು ಅಂಬಲಿಯನ್ನು ಕಂಡು ಮಕ್ಕಳು ಓಡಿದರು.

ಸಕ್ಕರೆ ಕಾಯಿಲೆ ಇರುವವರು ಕುಡಿಯಬಹುದೇ?

ಮೊಳಕೆ ಹಿಟ್ಟು ಹಾಕಿದ ಅಂಬಲಿಯಲ್ಲಿ ಪಿಷ್ಟದ ಒಂದು ಭಾಗ ಆಗಲೇ ಸಕ್ಕರೆಯಾಗಿರುತ್ತದೆ, ರಕ್ತಕ್ಕೆ ಬೇಗ ಸೇರುತ್ತದೆ. ಅದನ್ನು ಹಾಕದೆ ಅವರಿಗೆಂದೇ ಒಂದು ಚಿಕ್ಕ ಪಾತ್ರೆಯಲ್ಲಿ ಬೇರೆ ಮಾಡುತ್ತೇವೆ. ಎಷ್ಟು ಕುಡಿಯಬೇಕು ಎಂಬುದನ್ನು ಅವರ ವೈದ್ಯರು ಹೇಳಬೇಕು, ಲೇತ್ ಕೆಲಸದವನಲ್ಲ.

ಅಂಬಲಿ ಬಡವರ ಪಾನೀಯ, ಮದುವೆಯಲ್ಲಿ ಕೊಟ್ಟರೆ ಜನ ನಗುವುದಿಲ್ಲವೇ?

ಮಾದಾರ ಚೆನ್ನಯ್ಯನ ಮನೆಯಲ್ಲಿ ಶಿವನೇ ಅಂಬಲಿ ಉಂಡ ಎಂದು ಶರಣರು ಹಾಡಿ ಹೊಗಳಿದ್ದಾರೆ. ನಿಮ್ಮ ಬೀಗರು ಅದಕ್ಕಿಂತ ದೊಡ್ಡವರಾದರೆ ಕಾಫಿ ಕೊಡಿ.

ಪಾತ್ರೆ ತೊಳೆಯುವುದರಲ್ಲಿ ಏನಾದರೂ ವಿಶೇಷವಿದೆಯೇ?

ತಡ ಮಾಡಬಾರದು, ಅಷ್ಟೇ ವಿಶೇಷ. ಒಣಗಿದ ಜೋಳದ ಗಂಜಿ ಗೋಡೆಗೆ ಬಳಿದ ಗಾರೆಯಂತೆ. ಮೊದಲು ತಣ್ಣೀರು, ಆಮೇಲೆ ಸೋಪು, ಆಮೇಲೆ ಕುದಿನೀರು, ಕೊನೆಗೆ ಬಿಸಿಲು. ಬಕೆಟ್ಟಿನ ಒಳಮೈಯನ್ನು ಸ್ಟೀಲ್ ನಾರಿನಿಂದ ಉಜ್ಜಬೇಡಿ. ಗೀರು ಬಿದ್ದಲ್ಲೆಲ್ಲ ಕೊಳೆ ಮನೆ ಮಾಡುತ್ತದೆ. ಮುಂದಿನ ಸಲ ಗಂಜಿ ಸುರಿಯುವ ಮೊದಲು ಬಕೆಟ್ಟು, ಹುಟ್ಟು, ಸೌಟು ಎಲ್ಲಕ್ಕೂ ಇನ್ನೊಮ್ಮೆ ಕುದಿನೀರು ಹಾಕಿ. ಬಿಯರ್ ಮಾಡುವ ನನ್ನ ಸೋದರಳಿಯ ಹೇಳುವಂತೆ ಅವನ ಹವ್ಯಾಸದಲ್ಲಿ ಮುಕ್ಕಾಲು ಪಾಲು ಪಾತ್ರೆ ತೊಳೆಯುವುದೇ. ಅವನ ತಾಯಿ ಇದನ್ನು ಕೇಳಿ ಬಹಳ ಸಂತೋಷಪಟ್ಟರು. ಹುಬ್ಬಳ್ಳಿಯಲ್ಲಿದ್ದಾಗ ಅವನು ಉಂಡ ತಟ್ಟೆ ಎತ್ತಿಟ್ಟವನಲ್ಲ.

ಉಳಿದ ಅಂಬಲಿಯನ್ನು ಏನು ಮಾಡಬೇಕು?

ಮಜ್ಜಿಗೆ, ಉಪ್ಪು ಬೆರೆಸುವ ಮೊದಲೇ ಎರಡು ಲೀಟರ್ ತೆಗೆದು ಫ್ರಿಜ್‌ನಲ್ಲಿಡಿ, ಮರುದಿನದ ಹೆಪ್ಪಿಗೆ ಆಯಿತು. ನಾಲ್ಕೈದು ಸಲ ಹೀಗೆ ಒಂದರಿಂದ ಇನ್ನೊಂದಕ್ಕೆ ಸಾಗಿಸಬಹುದು, ಆಮೇಲೆ ಹುಳಿ ಒರಟಾಗುತ್ತದೆ, ಹೊಸ ಮಜ್ಜಿಗೆಯಿಂದ ಶುರು ಮಾಡಿ. ಬಕೆಟ್ಟಿನ ತಳದಲ್ಲಿ ಕೂತ ಹಿಟ್ಟಿಗೆ ಅಕ್ಕಿ ಹಿಟ್ಟು ಕಲಸಿದರೆ ಸಂಜೆಗೆ ದೋಸೆ. ಒಗ್ಗರಣೆ ಬಿದ್ದದ್ದು ಮಧ್ಯಾಹ್ನ ಮೀರಿ ಉಳಿದರೆ ಎಮ್ಮೆಗೆ. ಈಗ ಅದು ಮುಖ ತಿರುಗಿಸುವುದಿಲ್ಲ.